ಎದುರಿಗೆ ಕುಳಿತವನು

ಮಾತಾಡುವವರನ್ನಾದರೆ ಅನುಮಾನಿಸಬಹುದು, ಮಾತೇ ಆಡದವರನ್ನು ಏನೆಂದು ಅನುಮಾನಿಸುವುದು? ಇವರು ಸುಮ್ಮನಿರುವುದು ಕೆಲಸದ ಮೇಲಿನ ಗಮನದಿಂದಲೋ, ಮಾತಿನ ಅಗತ್ಯವೇ ಉಳಿದಿಲ್ಲವೆಂದೋ? ಅಥವಾ ಇಲ್ಲದ್ದನ್ನು ತಾನೇ ಕಾಣುತ್ತಿದ್ದೇನೆಯೇ? ಬನಹಟ್ಟಿಯ ತನ್ನ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಮುರಗೆಪ್ಪ ಇದನ್ನೇ ಯೋಚಿಸುತ್ತಿದ್ದ.

ಒಳಗೆ ಅವನ ಹೆಂಡತಿ ನಂದಾ ಮತ್ತು ಕೆಲಸಗಾರ ಹೊಳೆಪ್ಪ ಕೆಚ್ಚುತ್ತ ಕುಳಿತಿದ್ದರು. ಮಗ್ಗದಲ್ಲಿ ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಎರಡು ಸಾವಿರಕ್ಕೂ ಹೆಚ್ಚು ಎಳೆ. ಆಚೆ ಕುಳಿತವರು ಎಳೆ ಆರಿಸಿ ಕೊಡಬೇಕು, ಈಚೆ ಕುಳಿತವರು ಹೊಸೆಯಬೇಕು. ಆರು ವರ್ಷದಿಂದ ಆ ಇಬ್ಬರು ಇವರೇ. ಮುರಗೆಪ್ಪನೂ ಒಮ್ಮೆ ಕುಳಿತು ನೋಡಿದ್ದ. "ನೀವು ಏಳ್ರಿ, ನಿಮ್ಮ ಕೈಯಾಗ ಎಳಿ ಅಳತಾವ" ಎಂದು ನಂದಾ ನಕ್ಕಿದ್ದಳು. ಹೊಳೆಪ್ಪ ನಕ್ಕಿರಲಿಲ್ಲ. ಅವನೂ ನಕ್ಕಿದ್ದರೆ ಚೆನ್ನಾಗಿತ್ತು ಎಂದು ಮುರಗೆಪ್ಪನಿಗೆ ಅನಿಸುತ್ತಿತ್ತು.

ಆ ದಿನ ಊಟದ ಹೊತ್ತಿಗೆ ಹೊಳೆಪ್ಪ ಅವನನ್ನು ಬದಿಗೆ ಕರೆದ.

"ಅಣ್ಣಾರ, ವೈನಿಯವರ ಕೈ ಮೊದಲಿನಂಗಿಲ್ಲರಿ. ಆ ಜ್ವರ ಬಂದು ಹ್ವಾದಾಗಿಂದ ಹೊಸೆದ ಎಳಿನಽ ತಿರುಗಿ ಹೊಸಿತಾರ. ಇವತ್ತು ನನ್ನ ಮಾರಿ ನೋಡಿ 'ಯಾರು ನೀ' ಅಂದ್ರು. ಚ್ಯಾಷ್ಟಿ ಅಂತ ತಿಳದಿದ್ದೆ. ಚ್ಯಾಷ್ಟಿ ಅಲ್ಲರಿ ಅದು. ದವಾಖಾನಿಗೆ ತೋರಸ್ರಿ."

ನಂದಾಗೆ ಮೂರು ವಾರದ ಹಿಂದೆ ಗಂಟಲು ನೋವು, ಜ್ವರ ಬಂದು ಹೋಗಿತ್ತು. ಮನೆಯಲ್ಲಿ ಯಾರೂ ಅದನ್ನು ನೆನಪಿಟ್ಟುಕೊಂಡಿರಲಿಲ್ಲ. ಇವನು ಇಟ್ಟುಕೊಂಡಿದ್ದಾನೆ. ಮುರಗೆಪ್ಪನ ತಲೆಗೆ ಹೋದದ್ದು ಅದೊಂದೇ.

"ನನ್ನ ಹೇಂತಿ ಕೈ ನೋಡಾಕ ಇಟಗೊಂಡೇನೇನಲೇ ನಿನ್ನ?"

"ಎದುರಿಗೆ ಕುಂತಾಂವಗ ಕಾಣತಾವರಿ."

"ಹಂಗಾರ ನಾಳಿಂದ ಕುಂದರಬ್ಯಾಡ. ಈ ಕಡೆ ಹಾಯಲೂಬ್ಯಾಡ."

"ಬರಂಗಿಲ್ಲ ಬಿಡ್ರಿ. ದವಾಖಾನಿಗೆ ಅಷ್ಟು ತೋರಸ್ರಿ" ಎಂದು ಹೊಳೆಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ.

ಮುಂದಿನ ದಿನಗಳಲ್ಲಿ ನಂದಾ ನಿದ್ದೆ ಬಿಟ್ಟಳು. ಒಲೆಯ ಮೇಲೆ ಅನ್ನ ಸೀಯುತ್ತಿದ್ದರೂ ಗೋಡೆ ನೋಡುತ್ತ ನಿಲ್ಲುವಳು. ಒಬ್ಬಳೇ ನಗುವಳು. ಮಗ್ಗದೊಳಗಿಂದ ಯಾರೋ ಬೈಯುತ್ತಿದ್ದಾರೆಂದು ಕಿವಿ ಮುಚ್ಚಿಕೊಳ್ಳುವಳು. ಮುರಗೆಪ್ಪನ ತಾಯಿ ಸತ್ಯವ್ವ, "ಲೇ ಮುರಗ್ಯಾ, ಹುಡುಗಿ ಹುಡುಗಿಯಂಗಿಲ್ಲೋ" ಎಂದಳು.

"ಕೈಗೆ ಕೆಲಸಿಲ್ಲಲ್ಲ, ಬ್ಯಾಸರ ಆಗೇತಿ."

ಅವನ ಮನಸ್ಸು ಹೇಳುತ್ತಿದ್ದದ್ದು ಬೇರೆ. ಎದುರಿಗೆ ಕುಳಿತವನು ಹೋದನಲ್ಲ, ಅದಕ್ಕೆ. ಅವಳು ನಕ್ಕಾಗಲೆಲ್ಲ ಯಾರನ್ನು ನೆನೆದು ನಕ್ಕಳೆಂದು ಅವಳ ಮುಖದಲ್ಲಿ ಹುಡುಕುತ್ತಿದ್ದ. ಒಮ್ಮೆ ಕೇಳಿಯೂ ಬಿಟ್ಟ, "ಹೊಳೆಪ್ಪ ಬೇಕೇನ್ ನಿನಗ?"

ಅವಳು ಅವನನ್ನೇ ದಿಟ್ಟಿಸಿ, "ನೀ ಯಾರು?" ಎಂದಳು.

ಮದುವೆಯಾದಾಗಿನಿಂದ ಅವಳು ಅವನನ್ನು 'ನೀ' ಎಂದವಳಲ್ಲ. ಅದನ್ನೂ ಅವನು ಹಟವೆಂದೇ ತಿಳಿದ.

ಹೊಳೆಪ್ಪ ಹೋದ ಹದಿಮೂರನೆಯ ದಿನ ಮಧ್ಯಾಹ್ನ ಅವಳು ಮೈ ಸೆಟೆದು ಬಿದ್ದಳು. ಮುಧೋಳದ ವೈದ್ಯರು ನೋಡಿ ಬೆಳಗಾವಿಗೆ ಕಳಿಸಿದರು. ಅಲ್ಲಿ ಬೆನ್ನಿನ ನೀರು ತೆಗೆದು ಪರೀಕ್ಷೆ ಮಾಡಿಸಿದ ವೈದ್ಯೆ ಮುರಗೆಪ್ಪನನ್ನು ಕೂರಿಸಿ ಹೇಳಿದರು.

"ಇದು ಹುಚ್ಚಲ್ರಿ. ಸೋಂಕು ಬಂದಾಗ ಅದರ ಜೋಡಿ ಹೊಡದಾಡಾಕ ಮೈಯಾಗ ಒಂದು ಶಕ್ತಿ ಏಳತೈತಿ. ಇವರಿಗೆ ಸೋಂಕು ಹ್ವಾದ ಮ್ಯಾಲೂ ಅದು ಸುಮ್ಮನಾಗಿಲ್ಲ, ಮೆದುಳಿನ ಮ್ಯಾಲೇ ತಿರುಗಿ ಬಿದ್ದೈತಿ. ಔಷಧ ಐತಿ, ಎಷ್ಟು ಲಗೂ ಬರ್ತೀರಿ ಅಷ್ಟು ಛಲೋ. ಯಾವಾಗಿಂದ ಹಿಂಗ?"

"ನಾಕ ದಿನ ಆತ್ರಿ."

"ಅದಕ್ಕೂ ಮೊದಲ ಯಾರ ಕಣ್ಣಿಗೂ ಏನೂ ಬಿದ್ದಿಲ್ಲ?"

"ಇಲ್ಲರಿ."

ಮಂಚದ ಮೇಲೆ ನಂದಾಳ ಬೆರಳುಗಳು ಗಾಳಿಯಲ್ಲಿ ಆಡುತ್ತಲೇ ಇದ್ದವು. ಹೆಬ್ಬೆರಳು ತೋರುಬೆರಳು ಕೂಡಿ ಹೊಸೆಯುವುದು, ಬಿಡುವುದು, ಮತ್ತೆ ಹೊಸೆಯುವುದು. ಅದೂ ರೋಗದ್ದೇ, ಕಡಿಮೆಯಾಗುತ್ತದೆ ಎಂದು ನರ್ಸು ಹೇಳಿದಳು. ಮುರಗೆಪ್ಪನಿಗೆ ಮಾತ್ರ ಅದು ಕೆಚ್ಚುವುದಾಗಿ ಕಂಡಿತು. ಎದುರಿಗೆ ಯಾರಿದ್ದಾರೆಂಬುದೂ ಕಂಡಿತು. ಸ್ಟೂಲು ಎಳೆದು ಆ ಜಾಗದಲ್ಲಿ ತಾನೇ ಕುಳಿತ. ಹೊದಿಕೆಯ ಅಂಚಿನಿಂದ ಒಂದು ಎಳೆ ಕಿತ್ತು ಅವಳ ಬೆರಳಿಗೆ ಕೊಟ್ಟ. ಬೆರಳುಗಳು ಅದನ್ನು ಹಿಡಿಯಲಿಲ್ಲ, ಬದಿಗೆ ಸರಿದು ಬರಿ ಗಾಳಿಯನ್ನೇ ಹೊಸೆದವು. ಹೆಂಡತಿ ಹೀಗೆ ಮಲಗಿರುವಾಗಲೂ ಹೊಟ್ಟೆಕಿಚ್ಚು ಪಡುವ ಗಂಡಸು ಬೇರೆ ಯಾರಾದರೂ ಇದ್ದಾರೆಯೇ ಎಂದು ನಾಚಿಕೆಪಟ್ಟ. ಕಿಚ್ಚು ಆರಲಿಲ್ಲ.

ಔಷಧ ಕೈ ಹಿಡಿಯಿತು. ಐದು ತಿಂಗಳಲ್ಲಿ ನಂದಾ ಮೊದಲಿನ ನಂದಾ ಆದಳು. ಜ್ವರ ಬಂದದ್ದು ಮತ್ತು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟದ್ದು, ಇವೆರಡರ ನಡುವಿನ ದಿನಗಳು ಮಾತ್ರ ಅವಳಿಗೆ ಮರಳಲಿಲ್ಲ. ಹೊಳೆಪ್ಪ ಎಲ್ಲಿ ಎಂದು ಕೇಳಿದಾಗ ಮುರಗೆಪ್ಪ, "ಬಿಟ್ಟು ಹ್ವಾದ. ಇಲ್ಲೇ ಬಾಜೂ ರಬಕವ್ಯಾಗ ಕೆಲಸ ಹಿಡದಾನ" ಎಂದಿದ್ದ. ತಾಯಿಗೂ ಅದನ್ನೇ ಹೇಳಿದ್ದ.

ಒಂದು ರವಿವಾರ ಬೆಳಿಗ್ಗೆ ಹೊಳೆಪ್ಪ ತಾನಾಗಿಯೇ ಬಂದು ಪಡಸಾಲೆಯಲ್ಲಿ ಕುಳಿತ. ಸತ್ಯವ್ವ ಚಹಾ ತಂದಿಟ್ಟು, "ಈಗ ದಾರಿ ಸಿಕ್ತೇನಪಾ ನಿನಗ? ರಬಕವಿ ಭಾಳ ದೂರ ನೋಡು" ಎಂದಳು.

ಒಳಗೆ ನಂದಾ ರೊಟ್ಟಿ ಬಡಿಯುತ್ತಿದ್ದಳು. ಎದ್ದು ಬರಲಿಲ್ಲ. "ಓಣಿಗೆ ಓಣೀನಽ ನನ್ನ ನೋಡಾಕ ಬಂದಿತ್ತಂತ, ಅತ್ತಿ. ಆರು ವರ್ಷ ಎದುರಿಗೆ ಕುಂತಾಂವ ಒಂದಿನ ಹೆಂಗದಾಳ ಅಂತ ಕೇಳಲಿಲ್ಲ. ಚಾ ಕುಡಿಸಿ ಕಳಸ್ರಿ ಅವನ್ನ" ಎಂದಳು, ಪಡಸಾಲೆಗೆ ಕೇಳುವಂತೆ.

ಹೊಳೆಪ್ಪ ಮುರಗೆಪ್ಪನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕಾಯುವುದಿತ್ತು. ಮುರಗೆಪ್ಪ ಬಸಿಯಲ್ಲಿನ ಚಹಾ ಊದುತ್ತ ಕುಳಿತ. ಅವಳು ಹೊಳೆಪ್ಪನ ಮುಖ ನೋಡಲೂ ಬಾರದ್ದು ಅವನಿಗೆ ಹಿತವಾಗಿತ್ತು.

"ವೈನಿ ಆರಾಮ ಆದ್ರಲ್ಲ, ಸಾಕು" ಎಂದು ಹೊಳೆಪ್ಪ ಎದ್ದ. ಒಂದೇ ಮಾತಿನಲ್ಲಿ ಎಲ್ಲವನ್ನೂ ಬಿಚ್ಚಿಡಬಹುದಿತ್ತು. ಬಿಚ್ಚಿಡದೆ ಹೋದ. ಅವನ ಆ ಸುಮ್ಮನಿರುವಿಕೆಗೂ ಮುರಗೆಪ್ಪನ ಹೊಟ್ಟೆ ಉರಿಯಿತು.

ರೊಟ್ಟಿಯ ಸದ್ದು ನಿಂತಿತ್ತು. "ಹ್ವಾದನೇನ್ರಿ?" ಎಂದು ನಂದಾ ಕೇಳಿದಳು. ಈಗ ದನಿ ಸಣ್ಣದಾಗಿತ್ತು.

"ಹ್ವಾದ."

ಅವಳ ರೋಗವನ್ನು ಮೊದಲು ಕಂಡವನು ಹೊಳೆಪ್ಪ, ಕಂಡದ್ದನ್ನು ಹೇಳಿದ್ದಕ್ಕೇ ಅವನನ್ನು ತಾನು ಹೊರಗೆ ಹಾಕಿದ್ದು ಎಂಬುದನ್ನು ಮುರಗೆಪ್ಪ ಅವಳಿಗೆ ಎಂದೂ ಹೇಳಲಿಲ್ಲ.