ದೀಪಸ್ತಂಭದ ಮೇಲಿನ ಆಕಾಶ

ಹಳೆಯ ಪೋಸ್ಟ್‌ಕಾರ್ಡುಗಳನ್ನು ಕೂಡಿಡುವ ನನ್ನ ಸೋದರಮಾವನಿಗೆ ಊಟಕ್ಕೆ ಕೂತಾಗಲೇ ಇತಿಹಾಸ ನೆನಪಾಗುವುದು. ಮೊದಮೊದಲು ಕಾರ್ಡಿನ ಹಿಂಬದಿಯಲ್ಲಿ ವಿಳಾಸವನ್ನಷ್ಟೇ ಬರೆಯಬೇಕಿತ್ತಂತೆ. ಸುದ್ದಿಯನ್ನು ಮುಂಬದಿಯ ಚಿತ್ರದ ಅಂಚಿನಲ್ಲೋ ಆಕಾಶದಲ್ಲೋ ತುರುಕಬೇಕಿತ್ತಂತೆ. ನಾನು ಹೂಂಗುಡುತ್ತಿದ್ದೆ. ಅತ್ತೆ ತುಟಿಪಿಟಕ್ಕೆನ್ನದೆ ಬಡಿಸುತ್ತಿದ್ದಳು. ಆ ಮೌನವನ್ನು ಮಾವ ಬೇಸರ ಎಂದುಕೊಂಡಿದ್ದ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಸಂಗ್ರಾಹಕರ ಸಂಘದ ಪ್ರದರ್ಶನಕ್ಕೆಂದು ಮಾವ ಬಂದರಿನ ಚಿತ್ರಗಳ ಪೂರ್ತಿ ಸರಣಿಯೊಂದನ್ನು ಜೋಡಿಸುತ್ತಿದ್ದ. ಒಂದಕ್ಕೂ ಶಾಯಿ ಸೋಕಿರಲಿಲ್ಲ; ಅಂಥದ್ದು ಸಂಘದಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಪ್ರದರ್ಶನದ ಹಿಂದಿನ ದಿನ ನೋಡಿದರೆ ದೀಪಸ್ತಂಭದ ಕಾರ್ಡು ನಾಪತ್ತೆ. ಮೇಜಿನಡಿ, ಚಾಪೆಯಡಿ ತಡಕಾಡಿ ನಾನೂ ಮಾವನೂ ಸುಸ್ತಾದ ಮೇಲೆ ಅತ್ತೆ ಬಾಯಿಬಿಟ್ಟಳು: ಖಾಲಿ ಬಿದ್ದಿತ್ತು, ಅಕ್ಕನಿಗೆ ಬರೆದು ಹಾಕಿದೆ.

ಮಾವನ ಮುಖ ಬಿಳಿಚಿಕೊಂಡಿತು.

"ಹಿಂದ್ಗಡೆ ವಿಳಾಸ ಬಿಟ್ಟು ಒಂದಕ್ಷರ ಬರ್ದಿಲ್ಲ," ಎಂದಳು ಸಮಾಧಾನ ಮಾಡುವಂತೆ. "ನೀವು ಹೇಳ್ದ ಹಾಗೇ."

ಬಸ್ಸು ಹಿಡಿದು ಅತ್ತೆಯ ಅಕ್ಕನ ಮನೆಗೆ ಓಡಿದೆವು. ಕಾರ್ಡು ಅವರ ಅಡುಗೆಮನೆಯ ಕಪಾಟಿನ ಮೇಲೆ, ಸಕ್ಕರೆ ಡಬ್ಬಿಗೆ ಒರಗಿಕೊಂಡು ನಿಂತಿತ್ತು. ದೀಪಸ್ತಂಭದ ಮೇಲಿನ ಆಕಾಶ ನೀಲಿ ಅಕ್ಷರಗಳಿಂದ ತುಂಬಿಹೋಗಿತ್ತು: "ಅಕ್ಕಾ, ಇವರು ಕಾರ್ಡು ಜೋಡಿಸ್ತಾ ಕೂತಿದ್ದಾರೆ, ಮಗು ಥರ ನಾಲಿಗೆ ಹೊರಗೆ ಹಾಕ್ಕೊಂಡು. ನೋಡೋಕೆ ಎಷ್ಟು ಚೆನ್ನಾಗಿದೆ ಗೊತ್ತಾ. ನೀನೂ ಬಾ."

ಮಾವ ಅದನ್ನು ಎರಡು ಸಲ ಓದಿದ. ಅವನ ಕಿವಿ ಕೆಂಪಾದವು. ಆಮೇಲೆ ಮೆಲ್ಲಗೆ, ಇದರ ಬದಲಿಗೆ ಯಾವ ಕಾರ್ಡು ಬೇಕಾದರೂ ಆರಿಸಿಕೊಳ್ಳಿ ಎಂದು ಚೌಕಾಸಿಗಿಳಿದ.

"ನನ್ ಹೆಸರಿಗೆ ಬಂದಿದ್ದು ಕಣಪ್ಪ, ಕೊಡಲ್ಲ," ಎಂದರು ಆಕೆ. ಬೇಕಾದರೆ ನಾಳೆ ತಾವೇ ತಂದು ತೋರಿಸುತ್ತಾರಂತೆ, ಸಂಜೆಗೆ ವಾಪಸು ಒಯ್ಯುತ್ತಾರಂತೆ.

ಆ ಜಾಗ ಖಾಲಿ ಬಿಡುವುದೋ ಬರೆದ ಕಾರ್ಡನ್ನೇ ಇಡುವುದೋ ಎಂದು ಮಾವ ದಾರಿಯುದ್ದಕ್ಕೂ ಒದ್ದಾಡಿದ. ಮರುದಿನ ಅದನ್ನೇ ಇಟ್ಟ. ಅತ್ತೆಯ ಅಕ್ಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಬಂದವರಿಗೆಲ್ಲ ಆಕಾಶವನ್ನು ಗಟ್ಟಿಯಾಗಿ ಓದಿ ಹೇಳಿದರು. ಜನ ಶಾಯಿ ಸೋಕದ ಕಾರ್ಡುಗಳನ್ನು ದಾಟಿಕೊಂಡು ಅಲ್ಲಿಗೇ ಮುಗಿಬಿದ್ದರು. ಇತಿಹಾಸ ಹೇಳಲು ಗಂಟಲು ಸರಿಮಾಡಿಕೊಂಡು ನಿಂತಿದ್ದ ಮಾವನತ್ತ ಯಾರೂ ತಿರುಗಲಿಲ್ಲ.

ಕೊನೆಗೆ ಅವನು ಅತ್ತೆಯ ಪಕ್ಕಕ್ಕೆ ಬಂದು ನಿಂತ.

"ಒಂದ್ ಮಾತು ಕೇಳಿದ್ರೆ ಬೇರೆ ಕಾರ್ಡು ಕೊಡ್ತಿರ್ಲಿಲ್ವೇನೇ?"

"ಎಲ್ಲಾ ನೋಡ್ದೆ," ಎಂದಳು ಅತ್ತೆ. "ಬೇರೆ ಯಾವುದ್ರಲ್ಲೂ ಆಕಾಶ ಸಾಕಾಗ್ತಿರ್ಲಿಲ್ಲ."