ಮೋಟಾರು ಮನೆಯ ದಪ್ಪ ಪ್ಲೇಟು

ಬಿಳಿಗೆರೆಯ ಹಾಲಸ್ವಾಮಿ ಮತ್ತು ರೇಣುಕಪ್ರಸಾದ್ ಅಣ್ಣತಮ್ಮಂದಿರು. ತೆಂಗಿನ ತೋಟ ಭಾಗವಾಗಿತ್ತು, ಬೋರ್‌ವೆಲ್ ಮಾತ್ರ ಒಂದೇ ಉಳಿದಿತ್ತು. ದಿನ ಬಿಟ್ಟು ದಿನ ನೀರು ಎಂದು ಮಾತಾಗಿದ್ದರೂ, ಒಬ್ಬನ ಸರದಿಯಲ್ಲಿ ಇನ್ನೊಬ್ಬ ಹೋಗಿ ವಾಲ್ವ್ ತಿರುಗಿಸುವುದು ನಿಂತಿರಲಿಲ್ಲ. ಕೊನೆಗೆ ಎರಡು ತೋಟಕ್ಕೂ ಕರೆಂಟಿನ ವಾಲ್ವ್ ಹಾಕಿಸಿ, ಮೋಟಾರು ಮನೆಯಲ್ಲಿ ತಿರುಗಿಸುವ ಸ್ವಿಚ್ ಒಂದನ್ನು ಕೂರಿಸುವುದೆಂದಾಯಿತು. ಎಡಕ್ಕೆ ತಿರುಗಿಸಿದರೆ ಅಣ್ಣನಿಗೆ ನೀರು, ಬಲಕ್ಕೆ ತಮ್ಮನಿಗೆ. ತಿರುಗಿಸುವ ಹಕ್ಕು ತಾಯಿ ಮೀನಾಕ್ಷಮ್ಮನಿಗೆ ಮಾತ್ರ.

ಕೆಲಸಕ್ಕೆ ಬಂದವನು ತಿಪಟೂರಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ ಯೋಗೀಶ್. ಅವನು ತಂದ ತಗಡಿನ ಬಾಕ್ಸನ್ನು ಹಾಲಸ್ವಾಮಿ ಬೆರಳಿನಿಂದ ಒತ್ತಿ ನೋಡಿ ಮುಖ ಸಿಂಡರಿಸಿದ.

"ಇದನ್ನ ಯಾರು ಬೇಕಾದ್ರೂ ಬಗ್ಗಿಸಿ ಒಳಗೆ ಕೈ ಹಾಕ್ತಾರೆ ಕಣಪ್ಪ. ದಪ್ಪಗಿರೋದು ಹಾಕು."

"ಯಾರು ಬೇಕಾದ್ರೂ ಅಂದ್ರೆ ನಾನೇ ತಾನೆ?" ಎಂದ ರೇಣುಕಪ್ರಸಾದ್. "ಹಾಕಿಸಣ್ಣ, ಇನ್ನೂ ದಪ್ಪಗಿರೋದೇ ಹಾಕಿಸು."

ಹಾಲಸ್ವಾಮಿ ಎಲ್ಲಿಂದಲೋ ಅರ್ಧ ಇಂಚು ದಪ್ಪದ ಕಬ್ಬಿಣದ ಪ್ಲೇಟು ಹೊತ್ತು ತಂದ. ಅದರಲ್ಲಿ ತೂತು ಕೊರೆಯುವಷ್ಟರಲ್ಲಿ ಯೋಗೀಶನ ಅಂಗಿ ಬೆವರಿಗೆ ಅಂಟಿತು. ಹಿಂದಿನಿಂದ ಸ್ವಿಚ್ ತೂರಿಸಿದರೆ ಅದರ ಕುತ್ತಿಗೆ ಪ್ಲೇಟಿನೊಳಗೇ ಮುಳುಗಿ ಹೋಯಿತು. ಮುಂದೆ ನಟ್ಟು ಕಚ್ಚಲು ಒಂದು ಸುತ್ತು ಥ್ರೆಡ್ಡೂ ಹೊರಗೆ ಕಾಣಲಿಲ್ಲ.

"ತೆಳ್ಳಗಿನ ತಗಡಿಗೆ ಅಂತ ಮಾಡಿರೋ ಸ್ವಿಚ್ ಕಣಣ್ಣ ಇದು," ಎಂದು ಯೋಗೀಶ್ ತಲೆ ಕೆರೆದುಕೊಂಡ. ಆಮೇಲೆ ತನ್ನ ತೆಳು ತಗಡನ್ನೇ ಕತ್ತರಿಸಿ, ಸ್ವಿಚ್ಚನ್ನು ಅದಕ್ಕೆ ಬಿಗಿದು, ಆ ತಗಡನ್ನು ಪ್ಲೇಟಿನ ಹಿಂದೆ ಕೂರಿಸಿದ. ಸ್ವಿಚ್ಚಿನ ಕಡ್ಡಿ ಈ ಕಡೆಗೆ ಎಟುಕದ್ದರಿಂದ ಅದಕ್ಕೊಂದು ದುಂಡು ಸರಳು ಜೋಡಿಸಿ ಹೊರಗೆ ತಂದ. ಸರಳಿನ ತುದಿಗೆ ಕರಿ ನಾಬ್ ಸಿಕ್ಕಿಸಿ, ಅದರ ಪಕ್ಕದ ಪುಟ್ಟ ಸ್ಕ್ರೂವನ್ನು ಬಾಗಿದ ಸಣ್ಣ ಕಡ್ಡಿಯೊಂದರಿಂದ ಬಿಗಿ ಮಾಡಿದ.

ಮೀನಾಕ್ಷಮ್ಮ ತಿರುಗಿಸಿ ನೋಡಿದರು. ಟಕ್ ಎಂದಿತು.

"ಈ ಸ್ಕ್ರೂ ಸಡ್ಲ ಆದ್ರೆ?"

"ನಾಬ್ ಮಾತ್ರ ಸುತ್ತುತ್ತೆ ಅಜ್ಜಿ, ಒಳಗಿನ ಸ್ವಿಚ್ ಅಲ್ಲಾಡಲ್ಲ."

"ಹಂಗಾದ್ರೆ ಆ ಬಿಗಿ ಮಾಡೋ ಕಡ್ಡಿ ನನ್ ಹತ್ರ ಇರ್ಲಿ ಬುಡು. ನಿನ್ನ ಪದೇ ಪದೇ ಯಾಕೆ ಕರೀಬೇಕು?"

ಯೋಗೀಶ್ ಆ ಬಾಗಿದ ಕಡ್ಡಿಯನ್ನು ಕೊಟ್ಟು ಹೋದ.

ಮುಂದಿನ ವಾರವೇ ಸರದಿ ಇಲ್ಲದ ದಿನವೂ ಹಾಲಸ್ವಾಮಿಯ ಮರದ ಪಾತಿಗಳು ಒದ್ದೆಯಾಗಿರುವುದು ಮೀನಾಕ್ಷಮ್ಮನ ಕಣ್ಣಿಗೆ ಬಿತ್ತು. ಮರುದಿನ ನೋಡಿದರೆ ರೇಣುಕಪ್ರಸಾದನದೂ ಅದೇ ಕಥೆ. ಆಕೆ ಯಾರನ್ನೂ ಬೈಯಲಿಲ್ಲ. ಅಂದಿನಿಂದ ಬೆಳಿಗ್ಗೆ ಸರದಿಯವನ ಕಡೆಗೆ ಸ್ವಿಚ್ ತಿರುಗಿಸಿ, ಸ್ಕ್ರೂ ಸಡಿಲ ಮಾಡಿ, ಕಡ್ಡಿಯನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬರತೊಡಗಿದರು.

ತಮ್ಮನ ಸರದಿಯ ದಿನ ತಾಯಿ ಅತ್ತ ಹೋದೊಡನೆ ಹಾಲಸ್ವಾಮಿ ಬಂದು ನಾಬನ್ನು ಎಡಕ್ಕೆ ತಿರುಗಿಸಿದ. ತೋಟಕ್ಕೆ ಓಡಿ ಹೋಗಿ ನೋಡಿದರೆ ಪೈಪು ಒಣಗಿತ್ತು. ವಾಪಸ್ ಬಂದು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾಬನ್ನು ಇದ್ದಲ್ಲಿಗೇ ತಂದ. ಮರುದಿನ ರೇಣುಕಪ್ರಸಾದ್ ಬಲಕ್ಕೆ ತಿರುಗಿಸಿ, ಅವನೂ ಪೈಪಿನ ಬಾಯಿಗೆ ಕಿವಿಯಿಟ್ಟು ಕುಳಿತು ಎದ್ದು ಬಂದ. ವಾಲ್ವ್ ಕೆಟ್ಟಿದೆ ಎಂದು ದೂರೋಣವೆಂದರೆ, ಇನ್ನೊಬ್ಬನ ಸರದಿಯಲ್ಲಿ ನಿನಗೆ ಗೊತ್ತಾದದ್ದು ಹೇಗೆ ಎಂದು ಯಾರಾದರೂ ಕೇಳಿಯಾರು! ಇಬ್ಬರೂ ಒಳಗೊಳಗೇ ಕುದಿದರು. ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಯೋಗೀಶನಿಗೆ ಫೋನ್ ಮಾಡಿದರು.

ಯೋಗೀಶ್ ಬಂದಾಗ ಇಬ್ಬರೂ ಮೋಟಾರು ಮನೆಯ ಮುಂದೆ, ಏನೋ ಬೇರೆ ಕೆಲಸಕ್ಕೆ ಬಂದವರಂತೆ ನಿಂತಿದ್ದರು. ಅವನು ನಾಬ್ ತಿರುಗಿಸಿದ. ಟಕ್ ಎನ್ನಲಿಲ್ಲ.

"ಸ್ಕ್ರೂ ಸಡ್ಲ ಆಗೈತೆ. ಯಾವಾಗಿಂದ ಹಿಂಗೆ?"

"ಮೊನ್ನೆ ನಾನು ತಿರುಗಿಸಿದಾಗ್ಲೇ..." ಎಂದ ಹಾಲಸ್ವಾಮಿ ತುಟಿ ಕಚ್ಚಿಕೊಂಡ.

"ಮೊನ್ನೆ ನನ್ ಸರದಿ ಅಲ್ವೇನಣ್ಣ?" ರೇಣುಕಪ್ರಸಾದ್ ಕುಣಿದೇ ಬಿಟ್ಟ. "ಸಿಕ್ಕಾಕ್ಕೊಂಡ! ನಿನ್ನೆ ನಾನೂ ತಿರುಗಿಸ್ದೆ, ಆಗ್ಲೂ ಹಿಂಗೇ..."

ಯೋಗೀಶ್ ಗೋಡೆಯ ಕಡೆ ತಿರುಗಿ ಕೆಮ್ಮತೊಡಗಿದ. ಅದು ಕೆಮ್ಮಲ್ಲವೆಂದು ಅವನ ಬೆನ್ನು ಕುಲುಕುವುದೇ ಹೇಳುತ್ತಿತ್ತು. ಅಷ್ಟರಲ್ಲಿ ಎಲ್ಲರಿಗೂ ಕಾಫಿ ಹಿಡಿದುಕೊಂಡು ಮೀನಾಕ್ಷಮ್ಮ ಬಂದರು.

"ಬಿಗಿ ಮಾಡ್ಬೇಡ ಕಣಪ್ಪ. ನಾನೇ ಸಡ್ಲ ಮಾಡಿರೋದು."

ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವನು ಹಾಲಸ್ವಾಮಿ. ಕಾಫಿ ಅಂಗಿಯ ಮೇಲೆ ಚೆಲ್ಲಿತು.

"ಅದ್ಸರಿ ಕಣಮ್ಮ," ಎಂದ ರೇಣುಕಪ್ರಸಾದ್, ನಗು ತಡೆಯುತ್ತಾ. "ಇಷ್ಟು ದಿನ ಸಮವಾಗಿ ಬಿಟ್ಟಿದ್ದೀಯ ತಾನೆ?"

"ಹೋಗಿ ನೋಡ್ಕಳ್ರೋ. ಪಾತಿ ಒದ್ದೆ ಇದ್ಯಾ, ಎಳೆಗಾಯಿ ಹರಳು ಉದುರೈತಾ, ಮರ ಹೇಳ್ತವೆ."

ಇಬ್ಬರೂ ಲೋಟ ಕೆಳಗಿಟ್ಟು ಲಗುಬಗೆಯಿಂದ ಹೊರಟರು. ಅಣ್ಣ ತಮ್ಮನ ತೋಟಕ್ಕೆ, ತಮ್ಮ ಅಣ್ಣನ ತೋಟಕ್ಕೆ.