ಒಳ್ಳೆಯ ಬಾವಿಯ ಚಿತ್ರ

ನಮ್ಮ ವಿಶ್ವವಿದ್ಯಾಲಯದ ಸ್ಟುಡಿಯೊದಲ್ಲಿ ಮೂರು ನಿಮಿಷದ ಒಂದು ವಿಡಿಯೊಗೆ ತಗಲುವ ಖರ್ಚು ಇಷ್ಟು: ಶೂಟಿಂಗ್‌ಗೆ ಎರಡು ದಿನ, ಎಡಿಟಿಂಗ್‌ಗೆ ಐದು ದಿನ, ಮತ್ತೆ ಅದರಲ್ಲಿ ಮಾತಾಡುವ ವಿದ್ಯಾರ್ಥಿ ಸಂಶೋಧನೆಗೆ ಸವೆಸಿದ ಎರಡು ವರ್ಷ. ಓದಿದವರ ಮಾತನ್ನು ಬೀದಿಯವರಿಗೆ ತಿಳಿಯುವಂತೆ ಮಾಡುವುದು ನನ್ನ ಕೆಲಸ. ಇದಕ್ಕೆ ಮೊದಲು ಇಪ್ಪತ್ತು ವರ್ಷ ಮದುವೆಗಳ ವಿಡಿಯೊ ತೆಗೆದವನು ನಾನು. ಒಂದು ಮದುವೆಯ ಚಪ್ಪಾಳೆಯನ್ನು ಇನ್ನೊಂದಕ್ಕೆ ಅಂಟಿಸಿದರೂ ಬೀಗರು ಕಣ್ಣೊರೆಸಿಕೊಂಡೇ ನೋಡುತ್ತಿದ್ದರು.

ಆ ಸಲ ಬಂದ ಸಂಶೋಧನಾ ವಿದ್ಯಾರ್ಥಿನಿಯನ್ನು ಎಲ್ಲರೂ ಬಾಟಲಿ ಎನ್ನುತ್ತಿದ್ದರು. ಅವಳ ಚೀಲದಲ್ಲಿ ಯಾವಾಗಲೂ ನೀರಿನ ಮಾದರಿಯ ಬಾಟಲಿಗಳು ಕುಲುಕುತ್ತಿದ್ದವು. ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯ ಸುತ್ತಲಿನ ನಲವತ್ತು ಬಾವಿಗಳನ್ನು ಪರೀಕ್ಷಿಸಿದ್ದಳು. ಹನ್ನೊಂದರಲ್ಲಿ ಸೀಸ ಸಿಕ್ಕಿತ್ತು. ಸೀಸಕ್ಕೆ ರುಚಿಯಿಲ್ಲ, ಬಣ್ಣವಿಲ್ಲ. ಮಕ್ಕಳ ಮಿದುಳನ್ನು ಸದ್ದಿಲ್ಲದೆ ತಿನ್ನುತ್ತದೆ. ಬಾವಿ ಇದ್ದವರಿಗೆಲ್ಲ ಫಲಿತಾಂಶದ ಚೀಟಿ ಕೊಟ್ಟಿದ್ದಳು. ಆ ಹನ್ನೊಂದರಲ್ಲಿ ಮೂಲೆಮನೆಯ ಬಾವಿಯೂ ಒಂದು. ಆ ಮನೆಯ ಯಜಮಾನ ಕೋಣೆಗಳನ್ನು ಬಾಡಿಗೆಗೆ ಕೊಟ್ಟವನು. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಕ್ಯಾಮೆರಾ ಕಂಡ ಕೂಡಲೇ ಗೇಟು ಹಾಕಿದ.

ಎದುರುಮನೆಯ ಹೊಲಿಗೆ ಅಜ್ಜಿ ನಮ್ಮನ್ನು ಕರೆದು ಕೂರಿಸಿದಳು. ಅವಳ ಅಂಗಳದಲ್ಲಿ ಕಲ್ಲಿನ ಕಟ್ಟೆಯ ಬಾವಿ, ಹಲ್ಲು ಮುರಿದ ರಾಟೆ, ನೀಲಿ ಬಕೆಟ್ಟು. ಅರ್ಧ ಬೀದಿ ಅಲ್ಲೇ ನೀರು ಸೇದುತ್ತಿತ್ತು. ಬೆಳಗಿನ ಬಿಸಿಲು ನೀರಿಗೆ ಬಿದ್ದಿತ್ತು. ಅಂಥ ಬೆಳಕು ಬಿಡುವವನು ಛಾಯಾಗ್ರಾಹಕನೇ ಅಲ್ಲ.

ಎಡಿಟಿಂಗ್‌ನಲ್ಲಿ ಬಾಟಲಿಯ ದನಿ "ಈ ನೀರು ಕುಡಿಯಲು ಯೋಗ್ಯವಲ್ಲ" ಎನ್ನುವ ಕಡೆ ಆ ದೃಶ್ಯ ಕೂರಿಸಿದೆ.

"ಅಣ್ಣ, ಅಜ್ಜಿ ಬಾವಿ ಒಳ್ಳೇದು. ಅದರಲ್ಲಿ ಏನೂ ಇಲ್ಲ," ಎಂದಳು ಬಾಟಲಿ.

"ನೋಡೋರಿಗೆ ಬಾವಿ ಅಂದ್ರೆ ಬಾವಿ ಕಣಮ್ಮ. ಖಾಲಿ ಪರದೆ ತೋರಿಸ್ಲಾ?"

"ನಿಮಗೆ ಗೊತ್ತಿರುತ್ತೆ ಬಿಡಿ," ಎಂದಳು.

ವಿಡಿಯೊಗೆ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಬಂತು. ಮೂರು ಲಕ್ಷ ಜನ ನೋಡಿದರು. ಆ ಬೀದಿಯವರೂ ನೋಡಿದರು. ರಾಟೆಯ ಮುರಿದ ಹಲ್ಲನ್ನು ಅವರು ಗುರುತಿಸದೆ ಇರುತ್ತಾರೆಯೇ?

ನಾಲ್ಕು ತಿಂಗಳ ಮೇಲೆ ಎರಡನೇ ಸುತ್ತಿನ ಮಾದರಿಗೆ ಹೋದೆವು. ಅಜ್ಜಿಯ ಕಟ್ಟೆ ಒಣಗಿತ್ತು. ಬಕೆಟ್ಟು ಬೋರಲು ಬಿದ್ದಿತ್ತು.

"ಬಾ ಬಾಟಲಿ, ಕೂತ್ಕೋ. ಹೆದರಬೇಡ, ನೀರು ಕೊಡಲ್ಲ," ಎಂದಳು ಅಜ್ಜಿ, ಹೊಲಿಗೆಯಿಂದ ತಲೆ ಎತ್ತದೆ.

"ಅಜ್ಜಿ, ನಿಮ್ಮ ನೀರು ಚೆನ್ನಾಗಿದೆ ಅಂತ ಚೀಟಿ ಕೊಟ್ಟಿದ್ನಲ್ಲ."

"ಬಾಗಿಲಿಗೆ ಅಂಟಿಸಿದೀನಿ, ನೋಡು. ಎಲ್ಲರ ಕೈಲೂ ಸಿನಿಮಾ ಇರೋವಾಗ ಚೀಟಿ ಯಾರು ಓದ್ತಾರೆ?"

"ಮತ್ತೆ ಇವರೆಲ್ಲ ನೀರಿಗೆ ಎಲ್ಲಿ ಹೋಗ್ತಿದಾರೆ?"

ಅಜ್ಜಿ ಕತ್ತರಿಯ ತುದಿಯಲ್ಲಿ ಎದುರಿಗೆ ತೋರಿಸಿದಳು. ಮೂಲೆಮನೆಯ ಗೇಟು ತೆರೆದಿತ್ತು. ಕೊಡಗಳ ಸಾಲು ರಸ್ತೆಯವರೆಗೆ ಬಂದಿತ್ತು.

ಬಾಟಲಿ ಓಡಿಹೋಗಿ ಸಾಲಿನ ಮುಂದೆ ನಿಂತಳು. ಈ ಬಾವಿಯಲ್ಲೇ ವಿಷ ಇರುವುದು, ಆ ಬಾವಿಯಲ್ಲಲ್ಲ ಎಂದು ಕೈಮುಗಿದಳು. ಸೊಂಟದಲ್ಲಿ ಮಗು ಇಟ್ಟುಕೊಂಡ ಹೆಂಗಸು ಹೇಳಿದಳು: "ಅವತ್ತು ಆ ಬಾವಿ ಅಂದೆ, ಇವತ್ತು ಈ ಬಾವಿ ಅಂತೀಯ. ನಾಳೆ ಯಾವುದು ತಾಯಿ?"

"ತಪ್ಪು ನಂದು, ಚಿತ್ರ ಅಂಟಿಸಿದೋನು ನಾನು," ಎಂದೆ.

"ನೀನ್ಯಾರಪ್ಪ?" ಎಂದು ಕೊಡ ಮುಂದಕ್ಕೆ ಸರಿಸಿದಳು.

ತಿದ್ದುಪಡಿಯ ವಿಡಿಯೊ ಮಾಡಿದೆವು. ಅದನ್ನು ಎಂಬತ್ತೇಳು ಜನ ನೋಡಿದರು. ಅದರಲ್ಲಿ ನಾನೇ ಹತ್ತು ಸಲ ನೋಡಿದ್ದೇನೆ. ಕೊನೆಗೆ ಆರೋಗ್ಯ ಇಲಾಖೆಯವರು ಬಂದು ಮೂಲೆಮನೆಯ ಬಾವಿಗೆ ಬೀಗ ಹಾಕಿ, ಬೀದಿಯ ಹದಿನೇಳು ಮಕ್ಕಳ ರಕ್ತ ಪರೀಕ್ಷಿಸಿದರು. ಒಂಬತ್ತು ಮಕ್ಕಳಲ್ಲಿ ಸೀಸ ಮಿತಿಮೀರಿತ್ತು. ಮೂವರು ಮೂಲೆಮನೆಯ ಬಾಡಿಗೆದಾರರ ಮಕ್ಕಳು. ಉಳಿದ ಆರು ಮಕ್ಕಳು ನಮ್ಮ ವಿಡಿಯೊ ಬರುವ ತನಕ ಅಜ್ಜಿಯ ನೀರು ಕುಡಿದವರು.

ಬಹುಮಾನದ ಫಲಕ ಸ್ಟುಡಿಯೊದ ಗೋಡೆಯ ಮೇಲಿದೆ. ಬಾಟಲಿ ಸಂಶೋಧನೆ ಬಿಟ್ಟಳು. ಆ ಆರು ಮಕ್ಕಳಲ್ಲಿ ಹಾಳಾದದ್ದು ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ.